ಕೆಂಪು ಗುರುತು ಗೋಡೆಗಲ್ಲ, ಖಾತೆಗೆ ಬೀಳಲಿ

ಬೆಂಗಳೂರಿನಲ್ಲಿ ಜೋರು ಮಳೆಗೆ ಬಡಾವಣೆಗಳು ಮುಳುಗಿದವೆಂದರೆ ಮುಂದಿನ ವಾರ ಸರ್ವೆಯವರು ಬರುತ್ತಾರೆ. ರಾಜಕಾಲುವೆ (ಮಳೆನೀರು ಕಾಲುವೆ) ಒತ್ತುವರಿಯೆಂದು ಮನೆಗಳ ಗೋಡೆಗೆ ಕೆಂಪು ಬಣ್ಣದ ಗುರುತು ಬೀಳುತ್ತದೆ. ಜೆಸಿಬಿಗೆ ಕೆಲವು ಮನೆಗಳು ಉರುಳುತ್ತವೆ, ಶಕ್ತಿಯಿದ್ದವರು ತಡೆಯಾಜ್ಞೆ ತರುತ್ತಾರೆ, ಮಳೆ ನಿಂತ ಮೇಲೆ ಎಲ್ಲವೂ ತಣ್ಣಗಾಗುತ್ತದೆ. 2016ರ ಆಗಸ್ಟ್‌ನಲ್ಲಿ ಅವನಿ ಶೃಂಗೇರಿನಗರದಲ್ಲಿ ಇಂಥ ತೆರವಿಗೆ ಮನೆ ಕಳೆದುಕೊಂಡ ಅನೇಕರ ಕೈಯಲ್ಲಿ ಖಾತಾ, ತೆರಿಗೆ ರಸೀದಿ, ಬ್ಯಾಂಕ್ ಸಾಲದ ಪತ್ರ ಎಲ್ಲವೂ ಇದ್ದವು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ನಿವಾಸಿಗಳನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರತರಬೇಕಾಯಿತು. 2025ರ ಮೇ ತಿಂಗಳಲ್ಲಿ ಹೊರಮಾವು ಬಳಿಯ ಸಾಯಿ ಲೇಔಟ್ ಮತ್ತೆ ಮುಳುಗಿತು.

ಮನೆ ಮುಳುಗುವ ಜಾಗದಲ್ಲಿದೆ ಎಂಬ ಸತ್ಯವನ್ನು ಕೊಳ್ಳುವವನಿಗೆ ಹೇಳಬೇಕಾದದ್ದು ಅವನು ಮುಂಗಡ ಕೊಡುವ ಮೊದಲು. ನಮ್ಮ ವ್ಯವಸ್ಥೆ ಅದನ್ನು ಹೇಳುವುದು ಗೃಹಪ್ರವೇಶವಾಗಿ ವರ್ಷಗಳು ಕಳೆದ ಮೇಲೆ. ಇದು ಅನ್ಯಾಯ.

ಕಾಲುವೆ, ಕೆರೆಗಳ ಪಕ್ಕದಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಬಫರ್ ವಲಯವೇ ಸಾಕಲ್ಲ ಎನ್ನುವವರಿದ್ದಾರೆ. ಸಾಲದು. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯ ಪ್ರಕಾರ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಫರ್, ಕೆರೆಗೆ 30. 2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ ಅಂಚಿನಿಂದ 50, 35, 25 ಮೀಟರ್ ಎಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗೆ ಸರಿಸಿ ಮಹಾಯೋಜನೆಯ ಅಳತೆಯನ್ನೇ ಉಳಿಸಿತು. ದ್ವಿತೀಯ ಕಾಲುವೆಯ ಅಂಚಿನಿಂದ 30 ಮೀಟರ್ ದೂರದಲ್ಲಿ ಒಂದು ಖಾಲಿ ನಿವೇಶನ ಇದೆಯೆನ್ನಿ. ಅದು 2015ರಲ್ಲಿ ಬಫರ್‌ನ ಹೊರಗಿತ್ತು, 2016ರಲ್ಲಿ ಒಳಗೆ ಬಂತು, 2019ರಲ್ಲಿ ಮತ್ತೆ ಹೊರಗೆ ಹೋಯಿತು. ಅಷ್ಟರಲ್ಲಿ ಆ ನೆಲ ಒಂದು ಗೇಣೂ ಏರಲಿಲ್ಲ, ಇಳಿಯಲಿಲ್ಲ.

ದೋಷವಿರುವುದು ಇಲ್ಲೇ. ನೀರು ಹರಿಯುವುದು ನೆಲದ ಮಟ್ಟ ನೋಡಿ. ನಾವು ಅಳೆಯುತ್ತಿರುವುದು ಕಾಲುವೆಯಿಂದ ಇರುವ ದೂರ. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯುವ ಊರು ನಮ್ಮದು. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹೋಗುತ್ತದೆ. ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಕಾಲುವೆಯಿಂದ 100 ಮೀಟರ್ ಆಚೆಗಿದ್ದರೂ ತಗ್ಗಿನಲ್ಲಿರುವ ಮನೆ ಮುಳುಗಬಹುದು. 20 ಮೀಟರ್ ಒಳಗೇ ಇದ್ದರೂ ದಿಣ್ಣೆಯ ಮೇಲಿನ ಮನೆ ಉಳಿಯಬಹುದು. ಬಫರ್ ಬೇಕು, ಕಾಲುವೆಗೆ ಉಸಿರಾಡಲು ಜಾಗ ಬೇಕೇ ಬೇಕು. ಆದರೆ ಅದನ್ನೇ ನೆರೆ ವಲಯವೆಂದು ನಂಬಿ ಕೂರುವುದು ಆತ್ಮವಂಚನೆ.

ನೆರೆ ವಲಯ ಗುರುತಿಸುವುದು ಹೊಸ ಯೋಚನೆಯೇನಲ್ಲ. ನೆರೆ ಬಯಲನ್ನು ವಲಯಗಳಾಗಿ ಗುರುತಿಸುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ್ದು 1975ರಲ್ಲಿ. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಕಾನೂನು ಮಾಡಿದವು. 2009 ಮತ್ತು 2019ರಲ್ಲಿ ಕೃಷ್ಣಾ, ಮಲಪ್ರಭಾ ತೀರದ ಊರುಗಳು ಕೊಚ್ಚಿಹೋದದ್ದನ್ನು ಕಂಡ ಕರ್ನಾಟಕ ಆ ಪಟ್ಟಿಯಲ್ಲಿಲ್ಲ.

ಆಗಬೇಕಾದದ್ದು ಸ್ಪಷ್ಟವಿದೆ. ನೆಲದ ಮಟ್ಟ, ಮಳೆಯ ಪ್ರಮಾಣ, ಹಿಂದೆ ನೀರು ನಿಂತ ದಾಖಲೆ ಇವನ್ನು ಆಧರಿಸಿ ಸರ್ವೆ ನಂಬರ್‌ವಾರು ನೆರೆ ನಕ್ಷೆ ಪ್ರಕಟವಾಗಲಿ. ಆ ಗುರುತು ಇ-ಖಾತಾದಲ್ಲೂ ಋಣಭಾರ ಪತ್ರದಲ್ಲೂ (ಇಸಿ) ಕಾಣಲಿ. ಇಂದು ಸೈಟು ಕೊಳ್ಳುವವರು ಮೂವತ್ತು ವರ್ಷದ ಇಸಿ ತೆಗೆಸಿ ವಕೀಲರಿಗೆ ತೋರಿಸುತ್ತಾರೆ. ಹಳೆಯ ಅಡಮಾನ ಅದರಲ್ಲಿ ಸಿಗುತ್ತದೆ; ಹಿಂದಿನ ವರ್ಷ ಆ ಸೈಟಿನಲ್ಲಿ ಎದೆಮಟ್ಟ ನೀರು ನಿಂತದ್ದು ಸಿಗುವುದಿಲ್ಲ. ತಮ್ಮ ಮನೆಯನ್ನು ತಪ್ಪಾಗಿ ಸೇರಿಸಿದ್ದಾರೆಂದು ಅನ್ನಿಸಿದವರಿಗೆ ಪ್ರಶ್ನಿಸುವ ದಾರಿಯೂ ಇರಲಿ. ಅಮೆರಿಕದಲ್ಲಿ ಮಾಲೀಕರು ಪರಿಣತರಿಂದ ನೆಲದ ಮಟ್ಟ ಅಳೆಯಿಸಿ, ತಮ್ಮ ಮನೆಯನ್ನು ನೆರೆ ವಲಯದಿಂದ ಕೈಬಿಡುವಂತೆ ಅಲ್ಲಿನ ತುರ್ತು ನಿರ್ವಹಣಾ ಸಂಸ್ಥೆ ಫೆಮಾಗೆ ಅರ್ಜಿ ಹಾಕಬಹುದು. ನಮ್ಮಲ್ಲಿ ಗೋಡೆಗೆ ಗುರುತು ಬಿದ್ದವರು ಕೋರ್ಟಿಗೆ ಅಲೆಯಬೇಕು.

ಗುರುತು ಬಿದ್ದರೆ ಆಸ್ತಿಯ ಬೆಲೆ ಬೀಳುತ್ತದೆ, ಬ್ಯಾಂಕು ಸಾಲ ಕೊಡುವುದಿಲ್ಲ ಎಂಬ ಆತಂಕ ನಿಜ. ಆದರೆ ಮುಚ್ಚಿಟ್ಟು ಕಾಪಾಡಿದ ಬೆಲೆಯನ್ನು ತೆರುವವರು ಯಾರು? ಇಪ್ಪತ್ತು ವರ್ಷದ ಸಾಲ ಹೊತ್ತು ಮೊದಲ ಮನೆ ಕೊಳ್ಳುವ ಕುಟುಂಬ. ಅನುಮೋದಿತ ನಕ್ಷೆ ನಂಬಿ ಮನೆ ಕಟ್ಟಿದವರಿಗೆ ಪರಿಹಾರ ಸಿಗಬೇಕು. ಅದರ ಹೊರೆಯನ್ನು ಕಾಲುವೆ ಮುಚ್ಚಿ ಸೈಟು ಮಾರಿದವರೂ ಅದಕ್ಕೆ ಸಹಿ ಹಾಕಿದ ಅಧಿಕಾರಿಗಳೂ ಹೊರಬೇಕು.

ನೆರೆ ವಲಯದ ಕಾನೂನನ್ನು ಸರ್ಕಾರ ಇನ್ನೂ ಮುಂದೂಡಬಾರದು. ಅಲ್ಲಿಯವರೆಗೆ ಮನೆ ಕೊಳ್ಳುವವರು ಕಾಗದಪತ್ರದ ಜೊತೆಗೆ ಹಳೆಯ ಕಾಲುವೆಗಳಿರುವ ಗ್ರಾಮ ನಕ್ಷೆಯನ್ನೂ ತರಿಸಿ ನೋಡಿ, ಮಳೆಗಾಲದಲ್ಲೊಮ್ಮೆ ಆ ಬೀದಿಗೆ ಹೋಗಿ ನೆರೆಹೊರೆಯವರನ್ನು ವಿಚಾರಿಸಿ. ನಿಮ್ಮ ಶಾಸಕರು ಮತ ಕೇಳಲು ಬಂದಾಗ ನೆರೆ ನಕ್ಷೆ ಎಲ್ಲಿದೆಯೆಂದು ಕೇಳಿ.