ಪಿತ್ತಕ್ಕೆ ಮಜ್ಜಿಗೆಯೇ ಮದ್ದು ಎನ್ನುವ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ನಮ್ಮ ಮಂಡ್ಯದ ಕಡೆ ತಲೆ ಸುತ್ತಿದರೂ ಪಿತ್ತ, ಹುಳಿತೇಗು ಬಂದರೂ ಪಿತ್ತ, ಎದೆ ಉರಿದರೂ ಪಿತ್ತ. ಹಾಗಾಗಿ ‘ಪಿತ್ತ ಪ್ರಕೃತಿಯವರು ದಿನಾ ಮಜ್ಜಿಗೆ, ಕಬ್ಬಿನ ಹಾಲು ಕುಡಿಯಿರಿ’ ಎಂಬಂಥ ಮೆಸೇಜ್ ಬಂದರೆ ಯೋಚಿಸದೆ ಹತ್ತು ಗ್ರೂಪಿಗೆ ಕಳಿಸಿಬಿಡುತ್ತೇವೆ.

ಆಯುರ್ವೇದದ ಲೆಕ್ಕದಲ್ಲಿ ಖಾರ, ಹುಳಿ, ಉಪ್ಪು ಪಿತ್ತವನ್ನು ಹೆಚ್ಚಿಸುತ್ತವೆ. ಸಿಹಿ, ಕಹಿ, ಒಗರು ತಗ್ಗಿಸುತ್ತವೆ. ನಾಗಮಂಗಲದ ಖುಷ್ಕಿ ಹೊಲದ ಹುರುಳಿ ಉಷ್ಣ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನ ಕಬ್ಬು ತಂಪು. ಆದರೆ ಮಜ್ಜಿಗೆ? ಸುಶ್ರುತ ಸಂಹಿತೆ ಬೇಸಿಗೆಯಲ್ಲಿ, ಮೈ ಉರಿ, ತಲೆಸುತ್ತು ಇದ್ದವರಿಗೆ ಅದು ಬೇಡ ಎನ್ನುತ್ತದೆ. ಪಿತ್ತಕ್ಕೆ ಕೊಡುವುದಾದರೂ ಸಕ್ಕರೆ ಬೆರೆಸಿದ ಸಿಹಿ ಮಜ್ಜಿಗೆಯನ್ನೇ ಹೊರತು ಹುಳಿ ಮಜ್ಜಿಗೆಯನ್ನಲ್ಲ. ಅಂದರೆ ಆಯುರ್ವೇದದ ಹೆಸರು ಹೇಳುವ ಫಾರ್ವರ್ಡ್ ಆಯುರ್ವೇದವನ್ನೇ ಸರಿಯಾಗಿ ಓದಿಲ್ಲ!

ಇನ್ನು ‘ಹೀಟ್ ಬಾಡಿ’ ವಿಷಯ. ಪಿತ್ತ ಪ್ರಕೃತಿಯನ್ನು ಅಳೆಯುವ ರಕ್ತಪರೀಕ್ಷೆ ಇಲ್ಲ. ಹುರುಳಿ ಸಾರು ಉಂಡವರ ಮೈಯೂ ಎಳನೀರು ಕುಡಿದವರ ಮೈಯೂ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಎದೆ ಉರಿಸುವುದು ಹೆಚ್ಚಾಗಿ ಅದಲ್ಲ, ಜಠರದಿಂದ ಅನ್ನನಾಳಕ್ಕೆ ಮೇಲೇರುವ ಆಮ್ಲ.

ಹಾಗೆಂದು ಹಿರಿಯರ ಮಾತೆಲ್ಲ ಸುಳ್ಳಲ್ಲ. ಕರಿದದ್ದು, ಅತಿ ಖಾರ, ಕಾಫಿ, ಬೀಡಿ, ಮದ್ಯ ಕಡಿಮೆ ಮಾಡಿದರೆ ಬಹಳ ಜನರಿಗೆ ಎದೆಯುರಿ ತಗ್ಗುತ್ತದೆ. ರಾತ್ರಿ ಮುದ್ದೆ ಉಂಡ ತಕ್ಷಣ ಮಲಗದೆ ಎರಡು ಮೂರು ಗಂಟೆ ಬಿಡಿ, ಮಂಚದ ತಲೆ ಕಡೆ ಸ್ವಲ್ಪ ಎತ್ತರಿಸಿ, ಬೊಜ್ಜು ಇಳಿಸಿ. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವವರಿಗೂ ಹೊಟ್ಟೆ ಉರಿಯುತ್ತದೆ, ಅದನ್ನು ವೈದ್ಯರಿಗೆ ಹೇಳಿ. ಸಕ್ಕರೆ ಕಾಯಿಲೆಯವರಿಗೆ ಕಬ್ಬಿನ ಹಾಲು ‘ತಂಪು’ ಎಂಬ ಸಲಹೆ ಬೇಡವೇ ಬೇಡ.

ನಿಜವಾದ ಭಯ ಬೇರೆಯದು. ಹೃದಯಾಘಾತವೂ ಎಷ್ಟೋ ಸಲ ಎದೆಯುರಿಯಂತೆಯೇ ಶುರುವಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಜೋರು ನೋವಿಲ್ಲದೆ ಬರೀ ಸುಸ್ತು, ವಾಂತಿ, ಉಬ್ಬಸ ಕಾಣಿಸಬಹುದು. ಮನೆಯವರು ‘ಪಿತ್ತ ಕಣಪ್ಪ’ ಎಂದು ನಿಂಬೆಹಣ್ಣಿನ ಸೋಡಾ ಕೊಟ್ಟು ಮಲಗಿಸುತ್ತಾರೆ. ಹೋಗುವುದು ಆ ಹೊತ್ತೇ. ಎದೆ ಬಿಗಿತ, ತಣ್ಣನೆ ಬೆವರು, ಎಡತೋಳು ಅಥವಾ ದವಡೆಗೆ ಹರಡುವ ನೋವು ಇದ್ದರೆ ಮಜ್ಜಿಗೆ ಕಡೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡ ನಂತರ ಅವರ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಗ ಕೊಡುವುದು. ನೋವು ಶುರುವಾಗಿ ಎಷ್ಟು ಬೇಗ ಕೊಟ್ಟರೆ ಅಷ್ಟು ಪ್ರಯೋಜನ. ಆದ್ದರಿಂದ ಕೆ.ಆರ್.ಪೇಟೆಯಿಂದ ನೇರ ಮೈಸೂರಿಗೇ ಹೋಗೋಣ ಎಂದು ಕಾರು ಹುಡುಕುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ.

ಕಪ್ಪು ಮಲ, ರಕ್ತ ವಾಂತಿ, ಊಟ ಗಂಟಲಲ್ಲಿ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವೂ ಪಥ್ಯದಿಂದ ಸರಿಹೋಗುವ ಪಿತ್ತವಲ್ಲ.