ರಿವಿಜನ್ ಲ್ಯಾಬಿನಲ್ಲೇ ಆಗಲಿ

ಲ್ಯಾಬ್ ಬೇರೆ, ರಿವಿಜನ್ ಬೇರೆ ಅಂತ ನಮಗೆ ಹೇಳಿಕೊಟ್ಟವರು ಯಾರ್ರಿ? ಸಂಕ್ರಾಂತಿ ಮುಗಿದರೆ ಸಾಕು, ಎಸ್ಸೆಸ್ಸೆಲ್ಸಿ ಮಕ್ಕಳ ಟೈಮ್‌ಟೇಬಲ್ಲಿನಿಂದ ಪ್ರಯೋಗ ಅನ್ನೋದು ಮಾಯ. ಉಳಿಯುವುದು ಪಾಸಿಂಗ್ ಪ್ಯಾಕೇಜು, ಹಳೆಯ ಪ್ರಶ್ನೆಪತ್ರಿಕೆ, ಪೂರ್ವಸಿದ್ಧತಾ ಪರೀಕ್ಷೆ. ನಾನು ಔರಾದ ತಾಲೂಕಿನ ಹಳ್ಳಿಯಲ್ಲಿ ಓದುವಾಗ ಆಮ್ಮೀಟರು ಗಾಜಿನ ಕಪಾಟಿನಲ್ಲಿತ್ತು, ಕಪಾಟಿಗೆ ಬೀಗ ಇತ್ತು. ಈಗ ಭಾಲ್ಕಿಯಲ್ಲಿ ಹತ್ತನೇ ತರಗತಿ ಓದುವ ಅಕ್ಕನ ಮಗಳು ಫೋನ್ ಮಾಡಿ ಕೇಳ್ತಾಳೆ: "ಮಾಮಾ, ರೀಡಿಂಗ್ ಎಲ್ಲಾ ಬೋರ್ಡ್ ಮ್ಯಾಲೇ ಬರದ್ ಕೊಟ್ಟಾರ. ನೋಡಿ ಬರಕೊಂಡ್ರ ಸಾಕಲ್ಲ?"

ಸಾಲದು. ಯಾಕೆ ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು.

ಓಮನ ನಿಯಮ ಎಲ್ಲರಿಗೂ ಬಾಯಿಪಾಠ. ಅದರಲ್ಲಿ 'ತಾಪ ಸ್ಥಿರವಾಗಿದ್ದಾಗ' ಅಂತ ಒಂದು ಮಾತು ಬರುತ್ತದೆ. ಅದು ಯಾಕಿದೆ ಅಂತ ಕೇಳಿ ನೋಡಿ, ಇಡೀ ಕ್ಲಾಸು ಗಪ್‌ಚುಪ್. ಈಗ ಒಂದು ನಿಕ್ರೋಮ್ ತಂತಿಗೆ ಮೊದಲು ಒಂದು ಸೆಲ್ಲು, ಆಮೇಲೆ ಎರಡು ಸೆಲ್ಲು ಜೋಡಿಸಿ, ವೋಲ್ಟ್‌ಮೀಟರು ಆಮ್ಮೀಟರು ಎರಡನ್ನೂ ಓದಿಸಿ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಎರಡು ಸಲವೂ ಹೆಚ್ಚುಕಡಿಮೆ ಅದೇ ಉತ್ತರ. ತಂತಿ ತೆಗೆದು ಹಳೇ ಕಾಲದ ಟಾರ್ಚ್ ಬಲ್ಬು ಹಾಕಿ, ಎಲ್‌ಇಡಿ ಅಲ್ಲ. ವೋಲ್ಟೇಜು ಎರಡುಪಟ್ಟಾದರೂ ಪ್ರವಾಹ ಎರಡುಪಟ್ಟಾಗುವುದಿಲ್ಲ. ಒಳಗಿನ ಟಂಗ್‌ಸ್ಟನ್ ತಂತಿ ಕಾದಷ್ಟೂ ಅದರ ರೋಧ ಏರುತ್ತದೆ, ಗ್ರಾಫು ಬಾಗುತ್ತದೆ. ತಾಪ ಸ್ಥಿರ ಅಂತ ಯಾಕೆ ಬರೆದಿದ್ದಾರೆ ಅನ್ನೋದು ಆ ಹುಡುಗಿಗೆ ಇನ್ನು ಜನ್ಮದಲ್ಲಿ ಮರೆಯೋದಿಲ್ಲ. ನಿಯಮದ ನಿರೂಪಣೆ, ಮಂಡಲದ ಚಿತ್ರ, ಗ್ರಾಫು, ಲೆಕ್ಕ ಎಲ್ಲಾ ಒಂದೇ ಪಿರಿಯಡ್ಡಿನಲ್ಲಿ ಮುಗೀತು. ಇದಕ್ಕಿಂತ ಒಳ್ಳೆ ರಿವಿಜನ್ ಯಾವುದು?

"ರಿಸಲ್ಟ್ ಬೀಳ್ತದ್ರಿ" ಅನ್ನುತ್ತಾರೆ. ಸ್ವಾಮಿ, ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ನಾವು ಕೆಳಗಿನಿಂದಲೇ ಹುಡುಕಿ ರೂಢಿ. ಪ್ರಯೋಗ ಬಿಟ್ಟು ಉರು ಹೊಡೆಸಿಯೇ ಇಲ್ಲಿಗೆ ಬಂದಿದ್ದೇವಲ್ಲ? ಮಾಸ್ತರರನ್ನು ಬೈಯ್ಯುವುದು ನನ್ನ ಉದ್ದೇಶವಲ್ಲ. ಗಣಿತವೂ ಅವರದೇ, ಭೌತಶಾಸ್ತ್ರವೂ ಅವರದೇ, ಮೇಲೆ ಚುನಾವಣೆ ಡ್ಯೂಟಿ. ಲ್ಯಾಬಿಗೆ ಒಬ್ಬ ಸಹಾಯಕನನ್ನೂ ಕೊಡದೆ ಅವರಿಂದ ಬರೀ ಫಲಿತಾಂಶ ಕೇಳುವ ಅಧಿಕಾರಿಗಳಿಗೆ ನನ್ನ ತಕರಾರು.

ಬೀದರ ಶಹರಕ್ಕೆ ಬೇರೆ ಜಿಲ್ಲೆಗಳಿಂದ ಮಕ್ಕಳು ನೀಟ್ ಕೋಚಿಂಗಿಗೆ ಬರುತ್ತಾರೆ, ನಮಗದು ಹೆಮ್ಮೆ. ಆದರೆ ನೀಟ್ ಇರಲಿ, ಸಿಇಟಿ ಇರಲಿ, ಎರಡೂ ಗೋಲ ತುಂಬುವ ಪರೀಕ್ಷೆ. ತಂತಿ ಜೋಡಿಸಿ ತೋರಿಸು ಅನ್ನೋರು ಅಲ್ಲಿ ಯಾರೂ ಇಲ್ಲ. ಅದನ್ನು ಕೇಳಬೇಕಾದದ್ದು ಶಾಲೆ. ಹತ್ತನೇ ತರಗತಿ ವಿಜ್ಞಾನಕ್ಕೆ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ 70 ಥಿಯರಿ, 30 ಪ್ರಾಕ್ಟಿಕಲ್. ಈ 20, ಈ 30 ಪ್ರಸಾದದ ಹಾಗೆ ಹಂಚಲಿಕ್ಕೆ ಇಟ್ಟದ್ದಲ್ಲ.

ನಾನು ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ಓಡಿಸಿ ನೋಡದ ಕೋಡನ್ನು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಟೆಸ್ಟ್ ಮಾಡದೇ ಪಾಸ್ ಅಂತ ಬರೆದವನನ್ನು ಮನೆಗೆ ಕಳಿಸುತ್ತಾರೆ. ಅದೇ ಕೆಲಸವನ್ನು ನಾವು ಹದಿನೈದು ವರ್ಷದ ಮಕ್ಕಳಿಗೆ ಶಾಲೆಯಲ್ಲೇ, ರೆಕಾರ್ಡ್ ಬುಕ್ಕಿನ ಹೆಸರಲ್ಲಿ ಕಲಿಸುತ್ತಿದ್ದೇವೆ. ಮಾಡದ ಪ್ರಯೋಗದ ರೀಡಿಂಗು, ಅದರ ಕೆಳಗೆ ಸಹಿ, ಸಹಿಗೆ ಮಾರ್ಕ್ಸು! ಇದು ಭೌತಶಾಸ್ತ್ರವಲ್ಲ, ಸುಳ್ಳು ಲೆಕ್ಕ ಬರೆಯುವ ತರಬೇತಿ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಪರೀಕ್ಷೆಗೆ ಮುಂಚಿನ ಆರು ವಾರ, ವಾರಕ್ಕೊಂದು ದಿನ ವಿಜ್ಞಾನದ ರಿವಿಜನ್ನು ಲ್ಯಾಬಿನಲ್ಲೇ ನಡೆಯಲಿ. ಮಕ್ಕಳು ತಮ್ಮ ಕೈಯಾರೆ ತೆಗೆದ ರೀಡಿಂಗ್ ಬರೆಯಲಿ. ಅದು ಪುಸ್ತಕಕ್ಕೆ ಹೊಂದದಿದ್ದರೆ ಯಾಕೆ ಹೊಂದಲಿಲ್ಲ ಅಂತ ಎರಡು ಸಾಲು ಬರೆಯಲಿ. ಮಾರ್ಕ್ಸು ಆ ಎರಡು ಸಾಲಿಗೆ ಕೊಡ್ರಿ.