ಇಪ್ಪತ್ತೈದರ ಗಡಿಯಾರ ಯಾರ ಮನೆಯದು?



ಹಬ್ಬಕ್ಕೆ ಊರಿಗೆ ಹೋಗಲು ನಮ್ಮ ಹಾಸ್ಟೆಲಿನ ಹುಡುಗರು ಹೆದರುತ್ತಾರೆ. ಬಸ್ಸಿಳಿದ ಕೂಡಲೇ ಟೀ ಅಂಗಡಿ ಮುಂದೆ ಗೌಡರ ಪ್ರಶ್ನೆ ಕಾದಿರುತ್ತದೆ: 'ಏನ್ಲಾ, ಇನ್ನೂ ಓದ್ತಾನೇ ಇದ್ದೀಯ? ಇಪ್ಪತ್ತೈದಾಯ್ತಲ್ಲ, ಕೆಲಸ ಸಿಗಲಿಲ್ವಾ?' ಕೇರಿಗೆ ಬಂದರೆ ಅವ್ವ ಏನೂ ಕೇಳುವುದಿಲ್ಲ. ಸುಮ್ಮನೆ ತಟ್ಟೆಗೆ ಮುದ್ದೆ ಇಡುತ್ತಾಳೆ. ಗೌಡರ ಮಾತಿಗಿಂತ ಅವ್ವನ ಮೌನ ಹೆಚ್ಚು ಸುಡುತ್ತದೆ. ನಮ್ಮ ಹೆಣ್ಣುಮಕ್ಕಳಿಗಂತೂ ಇಪ್ಪತ್ತೈದರವರೆಗೆ ಯಾರೂ ಕಾಯುವುದಿಲ್ಲ. ಬಿ.ಎ. ಮುಗಿಯುವ ಮೊದಲೇ ಗಂಡು ಗೊತ್ತು ಮಾಡಿರುತ್ತಾರೆ.

ಇಪ್ಪತ್ತೈದಕ್ಕೆ ಕೆಲಸ, ಇಪ್ಪತ್ತೆಂಟಕ್ಕೆ ಮದುವೆ, ಮೂವತ್ತಕ್ಕೆ ಸೈಟು. ಈ ಗಡಿಯಾರ ಯಾರ ಮನೆಯ ಗೋಡೆಯದು? ತಾತ ಶಾನುಭೋಗ, ಅಪ್ಪ ಮೇಷ್ಟ್ರು, ಮಗ ಇಂಜಿನಿಯರು ಆದ ಮನೆಯದು. ನಮ್ಮ ತಾತ ಜೀತಕ್ಕಿದ್ದ. ಜೀತ ರದ್ದು ಮಾಡುವ ಕಾನೂನು ದೇಶಕ್ಕೆ ಬಂದದ್ದೇ 1976ರಲ್ಲಿ. ಅಪ್ಪ ದನ ಕಾದ. ಮನೆಯಲ್ಲಿ ಪುಸ್ತಕ ಹಿಡಿದ ಮೊದಲ ಕೈ ನಮ್ಮದು. ಅದರ ನಡುವೆ ಕೂಲಿಗೆಂದು ಒಂದು ವರ್ಷ ಹೋಯ್ತು, ಅಪ್ಪನ ಕಾಯಿಲೆಗೆಂದು ಇನ್ನೊಂದು ವರ್ಷ. ಅರ್ಜಿಯನ್ನೇ ಕರೆಯದೆ ಸರ್ಕಾರ ತಿಂದ ವರ್ಷಗಳು ಬೇರೆ. ಇದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆ ನಮ್ಮನ್ನು 'ಲೇಟು' ಅನ್ನುತ್ತಾರೆ!

1917ನ್ನು ನೆನೆಯಿರಿ. ಬಾಬಾಸಾಹೇಬರಿಗೆ ಆಗ 26 ವರ್ಷ. ಕೊಲಂಬಿಯಾದ ಎಂ.ಎ. ಕೈಯಲ್ಲಿತ್ತು, ಬರೋಡಾದಲ್ಲಿ ಸಂಸ್ಥಾನದ ನೌಕರಿಯೂ ಇತ್ತು. ಇಲ್ಲದ್ದು ತಲೆ ಮೇಲೊಂದು ಸೂರು. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಗೆಳೆಯರ ಮನೆಯಲ್ಲೂ ಜಾಗ ಸಿಗಲಿಲ್ಲ. ಪಾರ್ಕಿನಲ್ಲಿ ಕೂತು ಹೊತ್ತು ಕಳೆದು, ರಾತ್ರಿ ರೈಲಿಗೆ ಮುಂಬಯಿಗೆ ಮರಳಿದರು. ಅವತ್ತು ಟೀ ಅಂಗಡಿಯ ಗೌಡರು ನೋಡಿದ್ದರೆ 'ಫೇಲಾದ' ಅನ್ನುತ್ತಿದ್ದರು. ಫೇಲಾದವರು ಯಾರು? ಬಾಬಾಸಾಹೇಬರೋ, ಬರೋಡಾವೋ? ಮಹಾಡದ ಕೆರೆಯ ನೀರು ಮುಟ್ಟುವಾಗ, 1927ರಲ್ಲಿ, ಅವರಿಗೆ 36 ತುಂಬುತ್ತಿತ್ತು. ನೀವೂ ಮುಂದೆ ದೊಡ್ಡ ಮನುಷ್ಯರಾಗ್ತೀರಿ ಎಂದು ಸಮಾಧಾನ ಹೇಳಲು ನಾವಿದನ್ನು ಬರೆಯುತ್ತಿಲ್ಲ. ಬಾಗಿಲು ಹಾಕಿದವರು ಯಾರೆಂದು ನೋಡಿ ಅನ್ನುತ್ತಿದ್ದೇವೆ.

ತೊಂಬತ್ತೊಂಬತ್ತು ವರ್ಷ ಕಳೆದು 2016ರ ಜನವರಿ 17. ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲನಿಗೂ 26. ಫೆಲೋಶಿಪ್ ದುಡ್ಡು ತಿಂಗಳುಗಟ್ಟಲೆ ಬಂದಿರಲಿಲ್ಲ. ಹಾಸ್ಟೆಲಿನಿಂದ ಹೊರಹಾಕಿದ್ದರು. ಆ ಗೆಳೆಯನನ್ನು ನಾವು ಕಳೆದುಕೊಂಡೆವು. ಇನ್ನೊಬ್ಬರನ್ನು ಕಳೆದುಕೊಳ್ಳಲು ನಾವು ತಯಾರಿಲ್ಲ.

ಐ.ಎ.ಎಸ್. ಪರೀಕ್ಷೆಗೆ ಸಾಮಾನ್ಯ ವರ್ಗದ ವಯೋಮಿತಿ 32, ನಮಗೆ 37. ಈ ಐದು ವರ್ಷ ಕಂಡು ಕೆಲವರಿಗೆ ಹೊಟ್ಟೆಯುರಿ. ಸ್ವಾಮಿ, ಇದು ಭಿಕ್ಷೆಯಲ್ಲ, ಬಾಕಿ! ತಲೆತಲಾಂತರದಿಂದ ಕಿತ್ತುಕೊಂಡದ್ದರಲ್ಲಿ ಐದು ವರ್ಷ ವಾಪಸು ಬಂದಿದೆ, ಅಷ್ಟೆ.

ನಮ್ಮೊಳಗಿನ ತಪ್ಪನ್ನೂ ಹೇಳಬೇಕು. ನೌಕರಿ ಸಿಕ್ಕವನಿಗೆ ನಾವು ಹಾರ ಹಾಕುತ್ತೇವೆ, ಸಿಗದವನಿಗೆ ಕುರ್ಚಿಯನ್ನೂ ಹಾಕುವುದಿಲ್ಲ. ಪೇಟೆ ಸೇರಿದ ಕೆಲವು ಅಣ್ಣಂದಿರು ಕೇರಿಯ ದಾರಿಯನ್ನೇ ಮರೆತಿದ್ದಾರೆ. ಒಬ್ಬನೇ ಓಡು, ಒಬ್ಬನೇ ಗೆಲ್ಲು, ಸೋತರೆ ಒಬ್ಬನೇ ಸಾಯಿ: ಇದು ಮೇಲ್ಜಾತಿ ಗಡಿಯಾರ ಕಲಿಸುವ ಪಾಠ. ಅದನ್ನು ನಾವೇ ಬಾಯಿಪಾಠ ಮಾಡಿದರೆ ಹೇಗೆ?

ಹಾಗಂತ ಓದು ಬಿಟ್ಟು ಇಸ್ಪೀಟಾಡಿ ಅಂತ ನಾವು ಹೇಳ್ತಿಲ್ಲ. ಓದಿ, ಚೆನ್ನಾಗಿ ಓದಿ. ಆದರೆ ಒಟ್ಟಿಗೆ ಓದಿ. ಪುಸ್ತಕ, ಅರ್ಜಿ ಶುಲ್ಕ ಹಂಚಿಕೊಳ್ಳಿ. ವಿದ್ಯಾರ್ಥಿವೇತನ ತಡವಾದರೆ ಒಬ್ಬರೇ ಕೊರಗಬೇಡಿ, ಕಚೇರಿ ಮುಂದೆ ಎಲ್ಲರೂ ಕೂರೋಣ. ಬ್ಯಾಕ್‌ಲಾಗ್ ಹುದ್ದೆ ತುಂಬಿ ಅಂತ ಕೂಗೋಣ. ಊಟಕ್ಕೆ ಬಾರದೆ ರೂಮಿನ ಬಾಗಿಲು ಹಾಕಿಕೊಂಡ ಗೆಳೆಯನಿದ್ದರೆ ಇವತ್ತೇ ಹೋಗಿ ಬಾಗಿಲು ಬಡಿಯಿರಿ. 'ಬಾರೋ, ಉಣ್ಣೋಣ' ಅನ್ನಿ. ನಿಮ್ಮ ಬಾಗಿಲೇ ಮುಚ್ಚಿದ್ದರೆ ತೆಗೆದು ಹೊರಗೆ ಬನ್ನಿ, ನಾವಿದ್ದೇವೆ.

ಟೀ ಅಂಗಡಿಯ ಪ್ರಶ್ನೆಗೆ ಇನ್ನು ತಲೆ ತಗ್ಗಿಸಬೇಡಿ. 'ತಡ ಮಾಡಿದೋರು ನಾವಲ್ಲ, ನೀವು' ಅಂತ ಹೇಳಿ ಮುಂದೆ ನಡೆಯಿರಿ.

ಜೈ ಭೀಮ್.